ಜಿಗಣೆ ಕಾಯುವವನು

ಮಾರ್ಚ್ 5, ಬುಧವಾರ

ಎಡಗೈ ಬರಹ. ಕಾಗೆ ಕಾಲು, ಗುಬ್ಬಿ ಕಾಲು. ಇರಲಿ. ವಾರ್ಡಿನಲ್ಲಿ ಕೂಗಾಡುವ ಹಾಗಿಲ್ಲ, ಅದಕ್ಕೇ ಬರೆಯುವುದು.

ಸೋಮವಾರ ಕಾಗದ ಕತ್ತರಿಸುವ ಮಷಿನ್ನಿನ ಅಲಗು ನನ್ನ ಬಲಗೈ ಹೆಬ್ಬೆರಳನ್ನು ಗೆಣ್ಣಿನ ಹತ್ತಿರ ತುಂಡು ಮಾಡಿತು. ಆಯುಸ್ಸೆಲ್ಲ ಬುಕ್ ಬೈಂಡಿಂಗ್ ಮಾಡಿದವಳಿಗೆ ಹೆಬ್ಬೆರಳೇ ಹೋದರೆ ಉಳಿಯುವುದೇನು, ಮಣ್ಣು. ಹೊಲಿದು ಜೋಡಿಸಿದ್ದಾರೆ. ಹತ್ತುತ್ತದೋ ಇಲ್ಲವೋ ಗೊತ್ತಿಲ್ಲವಂತೆ.

ಈ ನೋಟ್‌ಬುಕ್ ತಂದುಕೊಟ್ಟವನು ಮಗಳ ಗಂಡ. ಹೊಲಿಗೆಯಿಲ್ಲ, ಬರೀ ಅಂಟು. ತೆರೆದ ಕೂಡಲೇ ಬೆನ್ನು ಮುರಿಯಿತು. ಬೈಂಡರಿಗೆ ಇಂಥದ್ದನ್ನು ತಂದುಕೊಡುವ ಬುದ್ಧಿ ಅವನೊಬ್ಬನಿಗೇ ಇರಲು ಸಾಧ್ಯ.

ಸಾಕು. ಕೈ ಸೋತಿತು.

ಮಾರ್ಚ್ 6, ಗುರುವಾರ

ನಿನ್ನೆ ಸಂಜೆಯಿಂದ ಬೆರಳು ನೀಲಿಗಟ್ಟಿದೆ. ಮುಟ್ಟಿದರೆ ಬಿಗಿ, ಈಗಲೋ ಆಗಲೋ ಒಡೆಯುವ ಹಾಗೆ. ಬೆಳಿಗ್ಗೆ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು, ಆದರೆ ಸೂಕ್ಷ್ಮದರ್ಶಕದ ಕೆಳಗೆ ಕೂತು ನನ್ನ ಬೆರಳು ಹೊಲಿದವರು ಅವರೇ. ಆ ಹೊಲಿಗೆಯನ್ನು ನೋಡಿದೆ. ಮಾತಿಲ್ಲ. ಹೊಲಿಗೆ ಡಾಕ್ಟರ್ ಎಂದೇ ಅವರಿಗೆ ಹೆಸರಿಟ್ಟಿದ್ದೇನೆ.

"ರಕ್ತ ಬೆರಳೊಳಗೆ ಹೋಗ್ತಿದೆ ಅಮ್ಮ, ವಾಪಸ್ ಬರ್ತಿಲ್ಲ. ಬರೋ ನಾಳ ತೀರಾ ಸಣ್ಣದು, ಸರಿಯಾಗಿ ಜೋಡಿಸಕ್ಕಾಗ್ಲಿಲ್ಲ. ಬೆರಳು ತಾನೇ ಹೊಸ ದಾರಿ ಮಾಡ್ಕೊಳ್ಳೋವರೆಗೂ ಆ ರಕ್ತ ಹೊರಗೆ ಬರೋಕೆ ನಾವೊಂದು ದಾರಿ ಕೊಡ್ಬೇಕು."

"ಏನು ದಾರಿ?"

"ಜಿಗಣೆ."

ಕಿವಿ ಕೆಟ್ಟಿತೇನೋ ಅಂದುಕೊಂಡೆ. ಇಷ್ಟು ಓದಿ, ಇಷ್ಟು ದೊಡ್ಡ ಯಂತ್ರಗಳನ್ನು ಇಟ್ಟುಕೊಂಡು, ಕೊನೆಗೆ ಕೆರೆಯ ಹುಳು! ಕೆರೆಯದಲ್ಲವಂತೆ, ಔಷಧಕ್ಕೆಂದೇ ಶುದ್ಧ ನೀರಿನಲ್ಲಿ ಸಾಕಿದ್ದಂತೆ. ಸಾಕಿದ್ದಾದರೇನು, ಮುದ್ದು ಮಾಡುತ್ತದೆಯೇ?

ಪಕ್ಕದಲ್ಲಿ ನಿಂತಿದ್ದ ಮಗಳ ಗಂಡ "ಬ್ಯೂಟಿಫುಲ್!" ಎಂದ. ಬ್ಯೂಟಿಫುಲ್ಲಂತೆ.

ಅಳಿಯ ಅಲ್ಲ, ಮಗಳ ಗಂಡ ಎಂದು ಜನ ತಮಾಷೆಗೆ ಹೇಳುತ್ತಾರೆ. ನನಗೆ ಅದು ತಮಾಷೆಯಲ್ಲ, ಇದ್ದ ಸಂಗತಿ. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಬಂತು, ಯಾವುದು ತಡ ಎಂದು ಹೇಳುವುದು ಅವನ ಕೆಲಸ. ಮೈಕಿಲ್ಲದಿದ್ದರೂ ಅದನ್ನೇ ಮಾಡುತ್ತಾನೆ. ಮದುವೆ ಮಾತುಕತೆಗೆ ಬಂದ ದಿನ ನನ್ನ ಅಂಗಡಿಯ ನಟ್ಟನಡುವೆ ನಿಂತು, "ಈಗೆಲ್ಲ ಪುಸ್ತಕ ಯಾರು ಬೈಂಡ್ ಮಾಡಿಸ್ತಾರೆ ಅತ್ತೆ?" ಎಂದವನು. ಎದುರಿಗೆ ನೀವು, ತಾವು ಅನ್ನುತ್ತೇನೆ. ಇಲ್ಲಿ ಯಾಕೆ ಅನ್ನಲಿ?

ಸೋಮವಾರ ಅವನು ಅಂಗಡಿಗೆ ಬಂದಿದ್ದು ಮಗಳು ಕೊಟ್ಟುಕಳಿಸಿದ ನನ್ನ ಪಾತ್ರೆ ಹಿಂದಿರುಗಿಸಲು. ತುಂಡಾದ ಬೆರಳನ್ನು ಹುಡುಕಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತನ್ನ ಊಟದ ಡಬ್ಬಿಯಲ್ಲಿ ಐಸಿನ ಮೇಲಿಟ್ಟುಕೊಂಡು ಬಂದವನು ಅವನೇ. "ಇಷ್ಟು ಸರಿಯಾಗಿ ತರೋರು ಅಪರೂಪ" ಎಂದು ಹೊಲಿಗೆ ಡಾಕ್ಟರ್ ಎಲ್ಲರೆದುರು ಅಂದುಬಿಟ್ಟರು. ಅಂದಿನಿಂದ ಅವನ ಕಾಲು ನೆಲದ ಮೇಲಿಲ್ಲ.

ಮಾರ್ಚ್ 7, ಶುಕ್ರವಾರ

ಬಾಯಿಗೆ ಬಟ್ಟೆ ಕಟ್ಟಿದ ಗಾಜಿನ ಜಾಡಿಯಲ್ಲಿ ಬಂದವು. ಕಪ್ಪುಹಸಿರು, ಬೆನ್ನ ಮೇಲೆ ಕಿತ್ತಳೆ ಗೆರೆ. ಪುಸ್ತಕ ಹೊಲಿಯುವ ಒದ್ದೆ ದಾರದ ಹಾಗೆ ಒಮ್ಮೆ ಉದ್ದ, ಒಮ್ಮೆ ಗಿಡ್ಡ.

ದೊಡ್ಡ ಸಿಸ್ಟರ್ ನನ್ನ ಬೆರಳ ಸುತ್ತ ಒದ್ದೆ ಬ್ಯಾಂಡೇಜ್ ಬಟ್ಟೆ ಸುತ್ತಿ, ಒಂದು ಕಿಂಡಿ ಬಿಟ್ಟು, ಅಲ್ಲಿ ಜಿಗಣೆಯ ಮೂತಿ ಇಟ್ಟರು. ಅದು ಮೂಸಿತು, ಮುಖ ತಿರುಗಿಸಿತು. ಇನ್ನೊಂದನ್ನಿಟ್ಟರು. ಅದೂ ಬೇಡವೆಂದಿತು. ನನ್ನ ರಕ್ತ ಹುಳುವಿಗೂ ಬೇಡವಾಯಿತೇ ಎಂದು ಕಣ್ಣಲ್ಲಿ ನೀರು ಬಂತು. ಸಿಟ್ಟಿನ ನೀರು.

"ಇಲ್ಲಿ ಯಾರು ಸೆಂಟ್ ಹಾಕ್ಕೊಂಡಿದೀರಿ?" ಎಂದರು ಸಿಸ್ಟರ್. "ವಾಸನೆ ಬಂದ್ರೆ ಇವು ಕಚ್ಚಲ್ಲ."

ಮಗಳ ಗಂಡ ಮೆಲ್ಲಗೆ ಕೈಯೆತ್ತಿದ. ಹೋಗಿ ಕುತ್ತಿಗೆ ತೊಳೆದುಕೊಂಡು ಬರಲು ಕಳಿಸಿದರು. ಒದ್ದೆ ಕಾಲರಿನಲ್ಲಿ ಬೆಕ್ಕಿನ ಹಾಗೆ ವಾಪಸ್ಸು ಬಂದ. ಈ ಆಸ್ಪತ್ರೆಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಸಮಾಧಾನ.

ಆಮೇಲೆ ಕಚ್ಚಿತು. ನೋವಿಲ್ಲ. ಬೆರಳಿಗೆ ಸ್ಪರ್ಶವೇ ಇಲ್ಲ, ನೋವೆಲ್ಲಿಂದ ಬರಬೇಕು. ಸುಮ್ಮನೆ ಉಬ್ಬುತ್ತಾ ಹೋಯಿತು, ಹೊಟ್ಟೆ ತುಂಬಿದ ಮೇಲೆ ತಾನೇ ಬಿತ್ತು. ಬಿದ್ದ ಮೇಲೆ ಗಾಯ ಜಿನುಗತೊಡಗಿತು, ನಿಲ್ಲುವುದೇ ಇಲ್ಲ.

"ಅದು ಕುಡಿಯೋದಕ್ಕಿಂತ ಇದೇ ಮುಖ್ಯ" ಎಂದರು ಹೊಲಿಗೆ ಡಾಕ್ಟರ್. "ಅದರ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇದೆ. ಅದು ಹೋದ್ಮೇಲೂ ಗಂಟೆಗಟ್ಲೆ ಜಿನುಗ್ತಾ ಇರುತ್ತೆ. ಕೆಟ್ಟ ರಕ್ತ ಹೊರಗೆ, ಒಳ್ಳೆ ರಕ್ತ ಒಳಗೆ."

ಜೊಲ್ಲು! ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವವರನ್ನು ಅಂಗಡಿಯಿಂದ ಆಚೆ ಅಟ್ಟಿದವಳು ನಾನು. ಈಗ ನನ್ನ ಬೆರಳು ಹುಳುವಿನ ಎಂಜಲಿನ ಮೇಲೆ ಬದುಕಬೇಕು.

ನಿಜ ಬರೆಯಬೇಕೆಂದರೆ, ನೀಲಿ ಬೆರಳು ಒಂದಿಷ್ಟು ಕೆಂಪಾಯಿತು.

ಜಿಗಣೆ ಬೇಡದ ಕಡೆ ಹರಿದು ಹೋಗದಂತೆ ಒಬ್ಬರು ಕೂತು ಕಾಯಬೇಕಂತೆ. ರಾತ್ರಿ ಸಿಸ್ಟರುಗಳು ನೋಡಿಕೊಳ್ಳುತ್ತಾರೆ. ಹಗಲು? ಮಗಳದು ಹಸುಗೂಸು, ವಾರ್ಡಿಗೆ ಬಿಡುವುದಿಲ್ಲ. ಅಕ್ಕನಿಗೆ ರಕ್ತ ಕಂಡರೆ ತಲೆ ಸುತ್ತು. ಉಳಿದವನು ಯಾರು? ರಜೆ ಹಾಕಿ ಬಂದು ಕೂತಿದ್ದಾನೆ.

ಮಾರ್ಚ್ 8, ಶನಿವಾರ

ಮರ್ಯಾದೆ ಹೋಯಿತು.

ಬೆಳಿಗ್ಗೆ ವಾರ್ಡ್ ಶಾಂತವಾಗಿತ್ತು. ಬೆರಳಿನ ಮೇಲೆ ಜಿಗಣೆ, ಸ್ಟೂಲಿನ ಮೇಲೆ ಅವನು. ಇದ್ದಕ್ಕಿದ್ದಂತೆ ಗಂಟಲು ಸರಿಮಾಡಿಕೊಂಡು ನಿಲ್ದಾಣದ ಧ್ವನಿಯಲ್ಲಿ, "ಪ್ರಯಾಣಿಕರ ಗಮನಕ್ಕೆ. ಹೆಬ್ಬೆರಳಿನಿಂದ ಜಾಡಿಗೆ ಹೋಗುವ ಜಿಗಣೆಯು ಹೊಟ್ಟೆ ತುಂಬದ ಕಾರಣ ತಡವಾಗಿ ಹೊರಡಲಿದೆ. ಆಗುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದ.

ಇಡೀ ವಾರ್ಡ್ ನಕ್ಕಿತು. ಕಾಲು ಮುರಿದುಕೊಂಡ ಎದುರು ಮಂಚದ ಮುದುಕಿ ಹೊಟ್ಟೆ ಹಿಡಿದುಕೊಂಡಳು. ದೊಡ್ಡ ಸಿಸ್ಟರ್ ಬಾಗಿಲಿಗೆ ಒರಗಿ ನಕ್ಕರು. ಆಮೇಲೆ ಪ್ರತಿ ಜಿಗಣೆಗೂ ಘೋಷಣೆ ಬೇಕೆಂದು ಬೇಡಿಕೆ.

"ದಯವಿಟ್ಟು ಸುಮ್ಮನಿರ್ತೀರಾ?" ಎಂದೆ.

"ನಗು ಬಂದ್ರೆ ರಕ್ತ ಓಡಾಡುತ್ತೆ ಅತ್ತೆ."

ಯಾವ ಪುಸ್ತಕದಲ್ಲಿದೆ ಅದು? ಇದ್ದಿದ್ದರೆ ನಾನೇ ಬೈಂಡ್ ಮಾಡಿರುತ್ತಿದ್ದೆ. ಜಿಗಣೆಯಾದರೂ ಹೊಟ್ಟೆ ತುಂಬಿದ ಮೇಲೆ ಬಿಟ್ಟು ಹೋಗುತ್ತದೆ.

ಮಾರ್ಚ್ 9, ಭಾನುವಾರ

ಒಂದು ಜಿಗಣೆ ಕಾಣೆಯಾಯಿತು.

ನನಗೆ ತೂಕಡಿಕೆ ಬಂದಿತ್ತು. ಕಣ್ಣು ಬಿಟ್ಟರೆ ಬೆರಳು ಬರಿದು. ಅವನು ಎದುರು ಮಂಚದ ಮುದುಕಿಗೆ ರೈಲಿನ ಕಥೆ ಹೇಳುತ್ತಿದ್ದ. ಕಾಯಲು ಕೂರಿಸಿದ್ದು ಇದಕ್ಕೇನು? ಸಿಸ್ಟರುಗಳು ನನ್ನ ಹೊದಿಕೆ ಕೊಡವಿದರು, ದಿಂಬಿನ ಚೀಲ ತೆಗೆದರು, ಮಂಚದ ಕೆಳಗೆ ಬ್ಯಾಟರಿ ಬಿಟ್ಟರು. ಇಲ್ಲ. ಎದುರು ಮಂಚದ ಮುದುಕಿ ಮುರಿದ ಕಾಲನ್ನು ಮರೆತು ಎದ್ದು ಕೂತಳು.

ಕೊನೆಗೆ ಅವನ ಬಿಳಿ ಕಾಲುಚೀಲ ಕೆಂಪಾಗುತ್ತಿರುವುದನ್ನು ನೋಡಿದವಳು ನಾನೇ. ಪ್ಯಾಂಟು ಎತ್ತಿದರೆ ಕಾಲುಚೀಲದ ಮೇಲಂಚಿನಲ್ಲಿ ಅದು ಆರಾಮವಾಗಿ ಊಟ ಮಾಡುತ್ತಾ ಕೂತಿದೆ. "ಅಯ್ಯೋ, ಅತ್ತೆ!" ಎಂದು ಅವನು ಸ್ಟೂಲಿನ ಮೇಲೆ ಹತ್ತಿದ. ನನಗೆ ಎಲ್ಲಿತ್ತೋ ನಗು, ಹೊಲಿಗೆ ನೋಯುವಷ್ಟು ಬಂತು.

ಹಾಗೇ ಆಗಬೇಕು. ಮಾಡಿದ್ದುಣ್ಣೋ ಮಹಾರಾಯ.

ಆದರೆ ಆ ಗಾಯ ಸಂಜೆಯಾದರೂ ನಿಲ್ಲಲಿಲ್ಲ. ಜೊಲ್ಲಿನ ಪ್ರತಾಪ. ಬಟ್ಟೆ ಬದಲಿಸಿ ಎಂದು ಸಿಸ್ಟರಿಗೆ ಹೇಳಿ ಹೇಳಿ ನನಗೇ ಸಾಕಾಯಿತು. ಅವರಿಗೆ ಒಬ್ಬ ರೋಗಿಯೇ, ಇಬ್ಬರೇ? ಕೊನೆಗೆ ನನ್ನ ಪಾಲಿನ ಹತ್ತಿಯನ್ನೇ ಕೊಟ್ಟೆ. ಹಾಸಿಗೆಯ ಬುಡದಲ್ಲಿ ರಕ್ತ ಬಿದ್ದರೆ ನೋಡುವವರಿಗೆ ಅಸಹ್ಯ, ಅದಕ್ಕೆ.

ಮಾರ್ಚ್ 11, ಮಂಗಳವಾರ

ನಿನ್ನೆ ಬರೆಯಲಾಗಲಿಲ್ಲ. ಎದ್ದು ಕೂತರೆ ಕಣ್ಣಿಗೆ ಕತ್ತಲೆ. ಜಿಗಣೆ ಕುಡಿದದ್ದು ಸ್ವಲ್ಪ, ಆಮೇಲೆ ಜಿನುಗಿದ್ದು ಬಹಳ. ಮೈಯ ರಕ್ತ ಇಳಿದು ಹೋಗಿದೆ. ನಿನ್ನೆ ಒಂದು ಚೀಲ ರಕ್ತ ಏರಿಸಿದರು, ಇವತ್ತು ಇನ್ನೊಂದು. ಕೈಯಿಂದ ತೆಗೆದು ಕೈಗೇ ಹಾಕುವುದು, ಎಂಥ ವ್ಯಾಪಾರವೋ.

ಹೊಲಿಗೆ ಡಾಕ್ಟರ್ ಮಂಚದ ತುದಿಗೆ ಕೂತರು. ಡಾಕ್ಟರುಗಳು ಕೂತರೆ ಒಳ್ಳೆ ಸುದ್ದಿ ಇರುವುದಿಲ್ಲ.

"ಎರಡು ದಾರಿ ಇದೆ ಅಮ್ಮ. ಇನ್ನೆರಡು ಮೂರು ದಿನ ಜಿಗಣೆ ಮುಂದುವರಿಸೋದು, ರಕ್ತ ಏರಿಸ್ತಾ ಇರೋದು. ಬೆರಳು ಉಳಿಯುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ. ಇಲ್ಲಾಂದ್ರೆ ಬೆರಳು ತೆಗೆದುಬಿಡೋದು, ನೀವು ಬೇಗ ಮನೆಗೆ ಹೋಗಬಹುದು. ಸಂಜೆ ಹೇಳಿ."

ಮಗಳು ಫೋನಿನಲ್ಲಿ ಅತ್ತಳು. "ಬೆರಳು ಹೋದ್ರೆ ಹೋಗ್ಲಿ ಅಮ್ಮ, ನೀನಿದ್ರೆ ಸಾಕು." ಅಕ್ಕ ಫೋನಿನಲ್ಲಿ, "ತೆಗೆಸಿ ಬಿಸಾಕು, ಈ ವಯಸ್ಸಲ್ಲಿ ಬೆರಳು ಇಟ್ಕೊಂಡು ಏನು ವೀಣೆ ಬಾರಿಸ್ಬೇಕಾ?" ಎಂದಳು. ದಾರ ಎಳೆದು ಬಿಗಿಮಾಡುವುದು, ಹಾಳೆ ಜೋಡಿಸುವುದು, ಬೆನ್ನು ಒತ್ತುವುದು ಎಲ್ಲ ಹೆಬ್ಬೆರಳೇ ಎಂದು ಯಾರಿಗೆ ಹೇಳಲಿ?

ಮಧ್ಯಾಹ್ನವೆಲ್ಲ ಅವನು ಬಾಯಿ ಬಿಡಲಿಲ್ಲ. ಒಂದು ಘೋಷಣೆಯಿಲ್ಲ, ಕಥೆಯಿಲ್ಲ. ಎದುರು ಮಂಚದ ಮುದುಕಿ ಕೇಳಿದರೂ ಬರೀ ತಲೆಯಾಡಿಸಿದ. ಬೆರಳನ್ನೇ ನೋಡುತ್ತಾ ಕೂತಿದ್ದ. ಫ್ಯಾನಿನ ಸದ್ದು, ಕಾರಿಡಾರಿನ ಗಾಡಿಯ ಸದ್ದು. ಆ ಮೌನ ನನಗೆ ತಲೆನೋವು ತಂದಿತು.

"ಏನಾದರೂ ಹೇಳಿ" ಎಂದೆ. ಅವನು ಜಾಡಿಯ ಬಾಯಿಯ ಬಟ್ಟೆ ಬಿಗಿಮಾಡಿದ.

"ಊರಿಗೆಲ್ಲ ಹೇಳ್ತೀಯ, ಜಿಗಣೆಗೂ ಹೇಳ್ತೀಯ. ಈಗ ಬಾಯಿಗೆ ಏನು ಬಡಿದಿದೆ? ಬಾಯಿ ಬಿಡೋ!"

"ಹೇಳಿದ್ದು ತಪ್ಪಾದ್ರೆ ಹೋಗೋದು ನನ್ನ ಬೆರಳಲ್ಲ ಅತ್ತೆ." "ನಾನು ಮೈಕಲ್ಲಿ ಗಾಡಿ ಬರುತ್ತೆ ಅಂತೀನಿ. ಬರೋದು ನನ್ನ ಕೈಲಿಲ್ಲ. ಜನ ನನ್ನ ಮಾತು ನಂಬ್ಕೊಂಡು ಮಕ್ಕಳು ಮರೀನ ಕಟ್ಕೊಂಡು ಕೂತಿರ್ತಾರೆ. ಬರದೇ ಇದ್ದಾಗ ಆ ಮುಖ ನೋಡೋಕಾಗಲ್ಲ ಅಂತ ಕಿಟಕಿಗೆ ಪರದೆ ಹಾಕ್ಕೊಂಡಿದೀನಿ. ನಿಮಗೆ ಹೆಂಗೆ ಹೇಳಲಿ?"

ಆ ಮೈಕಿನ ಕೋಣೆಗೆ ಪರದೆ ಇರುವುದು ನನಗೆ ಗೊತ್ತಿರಲಿಲ್ಲ.

"ಬರುತ್ತೆ ಅಂತಲೇ ಹೇಳು" ಎಂದೆ. "ನಾನು ಕೂತಿರ್ತೀನಿ. ಬರದಿದ್ರೆ ನಿನ್ನನ್ನ ಕೇಳಲ್ಲ."

ಅವನು ಮೈಕಿನ ಧ್ವನಿಯಲ್ಲಿ ಹೇಳಲಿಲ್ಲ. ಮೆಲ್ಲಗೆ, ಮನುಷ್ಯರು ಹೇಳುವ ಹಾಗೆ, "ಬರುತ್ತೆ ಅತ್ತೆ" ಎಂದ.

ಸಂಜೆ ಡಾಕ್ಟರಿಗೆ ಜಿಗಣೆ ಹಾಕಿ ಎಂದೆ. ಇಷ್ಟುದ್ದ ಬರೆಯಬಾರದಿತ್ತು. ಎಡಗೈಯೂ ಹೋದರೆ ಏನು ಗತಿ.

ಮಾರ್ಚ್ 12, ಬುಧವಾರ

ಚಳಿ. ರಕ್ತ ಏರಿಸಿದರು. ಜಿಗಣೆ ಕಚ್ಚಿತು. ಅವನು ಕೂತಿದ್ದ.

ಮಾರ್ಚ್ 14, ಶುಕ್ರವಾರ

ಇವತ್ತು ಸೂಜಿ ಚುಚ್ಚಿ ನೋಡಿದರು. ಕೆಂಪು ರಕ್ತ ಬಂತು, ಕಪ್ಪಲ್ಲ. ಒತ್ತಿ ಬಿಟ್ಟರೆ ಬಣ್ಣ ನಿಧಾನವಾಗಿ ತಿರುಗಿ ಬರುತ್ತಿದೆ. ಬೆರಳು ತನ್ನ ದಾರಿ ಮಾಡಿಕೊಂಡಿತಂತೆ. ಇನ್ನು ಜಿಗಣೆ ಬೇಡ.

ಆದರೆ ತುದಿ ಕಪ್ಪಾಗಿದೆ. ಉಗುರು ಇರುವಷ್ಟು ಭಾಗ. ಅದು ಹೋಗುತ್ತದೆ ಎಂದರು.

ಒಮ್ಮೆ ಕಚ್ಚಿದ ಜಿಗಣೆಯನ್ನು ಇನ್ನೊಬ್ಬರಿಗೆ ಹಾಕುವಂತಿಲ್ಲವಂತೆ. ಸ್ಪಿರಿಟಿನಲ್ಲಿ ಮುಳುಗಿಸಿಬಿಡುತ್ತಾರೆ. ಹೊಟ್ಟೆ ತುಂಬ ಉಣಿಸಿ ಹಾಗೆ ಮಾಡುವುದೇ ಎಂದು ಅಳಿಯ ಸಿಸ್ಟರ ಹಿಂದೆ ಬಿದ್ದು ವಾದ ಮಾಡಿದ. ತನ್ನ ಕಾಲು ಕಚ್ಚಿದ ಒಂದಕ್ಕಾದರೂ ಕ್ಷಮೆ ಕೊಡಿ ಎಂದ. ಸಿಸ್ಟರು ಗದರಿಸಿದರು. ರೋಗ ಹರಡುತ್ತದೆ, ನಿಯಮ ನಿಯಮವೇ. ನನಗೂ ಅವರ ಮಾತೇ ಸರಿ ಅನ್ನಿಸಿತು. ಆದರೂ ಅಷ್ಟು ಜೋರಾಗಿ ಗದರಿಸಬೇಕಾಗಿರಲಿಲ್ಲ. ಅವನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಮಾರ್ಚ್ 18, ಮಂಗಳವಾರ

ತುದಿ ತೆಗೆದರು. ಬೆರಳಿಗೆ ಬಟ್ಟೆ ಸುತ್ತಿ ತಂದು ಮಲಗಿಸಿದರು. ಅಳಿಯ ಕಾಣಲಿಲ್ಲ. ಎಲ್ಲಿ ಎಂದರೆ ಸಿಸ್ಟರ್, "ಮೆಟ್ಟಿಲ ಹತ್ರ ಕೂತು ಅಳ್ತಿದಾರೆ" ಎಂದರು.

ಹೋದದ್ದು ನನ್ನ ಉಗುರು, ಅಳುವವನು ಇವನು! ಕರೆಸಿದೆ. ಕಣ್ಣು ಊದಿಸಿಕೊಂಡು ಬಂದು ನಿಂತ.

"ಬರುತ್ತೆ ಅಂದೆ ಅತ್ತೆ ನಾನು. ಪೂರ್ತಿ ಬರಲಿಲ್ಲ."

"ಬಂತಲ್ಲ ಗಾಡಿ! ಒಂದು ಬೋಗಿ ಕಡಿಮೆ ಬಂತು. ಅದಕ್ಕೆ ಇಷ್ಟು ರಾಮಾಯಣವೇ? ಮೊದಲು ಹೋಗಿ ಮುಖ ತೊಳಿ. ಜನ ನೋಡಿದ್ರೆ ನಾನೇ ಸತ್ತೆ ಅಂದ್ಕೊಳ್ತಾರೆ."

ಎದುರು ಮಂಚದ ಮುದುಕಿ ಮತ್ತೆ ನಕ್ಕಳು. ಈ ವಾರ್ಡಿನಲ್ಲಿ ಯಾವುದೂ ಗುಟ್ಟಲ್ಲ.

ಮಾರ್ಚ್ 22, ಶನಿವಾರ

ಮಗಳ ಮನೆಗೆ ಬಂದೆ. ಕೂಸು ಅತ್ತರೆ ಎತ್ತಿಕೊಳ್ಳಲಾಗದು, ಬಾಗಿಲ ಚಿಲಕ ತೆಗೆಯಲಾಗದು, ಜಡೆ ಹಾಕಿಕೊಳ್ಳಲಾಗದು. ಎಲ್ಲರೂ ನನ್ನನ್ನು ಗಾಜಿನ ಗೊಂಬೆಯ ಹಾಗೆ ನೋಡುವುದು ಬೇರೆ.

ಅಕ್ಕ ಬಂದಳು. ಹಣ್ಣು ತಂದಿದ್ದಳು, ಅದರ ಜೊತೆ ಬಾಯಿಯನ್ನೂ.

"ಅಲ್ಲ ಕಣೇ, ಹುಳ ಕಚ್ಚಿಸ್ಕೊಂಡು, ಮೈ ರಕ್ತ ಎಲ್ಲ ಬಸಿದು, ಕೊನೆಗೆ ಉಳಿದದ್ದು ಮುಕ್ಕಾಲು ಬೆರಳು. ಮೊದಲೇ ತೆಗೆಸಿದ್ರೆ ಇಷ್ಟು ಪಾಡಿತ್ತಾ? ಆ ಬಾಯಿಬಡುಕನ ಮಾತು ಕಟ್ಕೊಂಡು..."

"ಅವನಿಗೆ ಹಾಗನ್ನಬೇಡ."

"ನೀನೇ ಅಂತಿದ್ದೆಯಲ್ಲೇ! ಮದುವೆ ಆದಾಗಿಂದ ಅದೇ ಪದ ಹೇಳಿ ಹೇಳಿ ನನ್ನ ಕಿವಿ ತೂತಾಗಿದೆ."

"ನಾನು ಅನ್ನಬಹುದು. ನೀನು ಅನ್ನಬೇಡ."

ಅವಳು ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಹೋಗಲಿ. ರಕ್ತ ಕಂಡರೆ ತಲೆ ಸುತ್ತುವವರಿಗೆ ಬೆರಳಿನ ವಿಚಾರ ಯಾಕೆ?

ಮೇ 5, ಸೋಮವಾರ

ಅಂಗಡಿ ತೆರೆದು ಎರಡು ವಾರ. ಬೆರಳು ಬಾಗುತ್ತದೆ, ಒತ್ತುತ್ತದೆ, ಆದರೆ ಅದರಲ್ಲಿ ಜೀವ ಇರುವ ಸುಳಿವಿಲ್ಲ. ಮರದ ತುಂಡು. ಸೂಜಿ ಹಿಡಿದರೆ ಹಿಡಿದಿದ್ದೇನೋ ಬಿಟ್ಟಿದ್ದೇನೋ ಕಣ್ಣಿಂದ ನೋಡಬೇಕು. ಕತ್ತಲಾದರೆ ಕೆಲಸ ಬಂದ್. ನರ ಬೆಳೆಯಲು ತಿಂಗಳುಗಟ್ಟಲೆ ಬೇಕು, ಬೆಳೆಯದೆಯೂ ಇರಬಹುದು ಎಂದಿದ್ದಾರೆ ಹೊಲಿಗೆ ಡಾಕ್ಟರ್. ಬಹುದು, ಬಹುದು. ಆ ಪದ ಕೇಳಿದರೆ ಮೈ ಉರಿಯುತ್ತದೆ.

ಡ್ಯೂಟಿ ಮುಗಿಸಿಕೊಂಡು ನಮ್ಮ ಹುಡುಗ ಬರುತ್ತಾನೆ. ಹಾಳೆ ಮಡಿಸುತ್ತೇನೆ ಎಂದು ಕೂರುತ್ತಾನೆ. ಮಡಿಸುವುದು ಸೊಟ್ಟ, ಮಾತು ಮಾತ್ರ ನೆಟ್ಟಗೆ. ಇವತ್ತು ಒಂದು ಪ್ರಬಂಧದ ರಟ್ಟನ್ನು ತಲೆಕೆಳಗಾಗಿ ಅಂಟಿಸಿದ. ಕಿತ್ತು, ಒದ್ದೆ ಮಾಡಿ, ಮತ್ತೆ ಅಂಟಿಸಬೇಕಾಯಿತು. ಬೈದೆ. "ಓದೋರು ತಲೆಕೆಳಗೆ ನಿಂತ್ಕೊಂಡು ಓದ್ಲಿ ಅತ್ತೆ" ಎಂದ. ಇನ್ನೂ ಬೈದೆ.

ಅವನು ಬರುವ ಹೊತ್ತಿಗೆ ಎಂದು ಎರಡನೆಯ ಕುರ್ಚಿಗೆ ಹೊಸ ದಿಂಬು ಹಾಕಿದ್ದೇನೆ. ಹಳೆಯದು ಹರಿದಿತ್ತು.

ಜುಲೈ 22, ಮಂಗಳವಾರ

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಅದೇ ಮರದ ತುಂಡು, ಅದೇ ಬೈಗುಳ.

ಇವತ್ತು ಬೆಳಿಗ್ಗೆ ಅಂಟಿನ ಡಬ್ಬಿಯನ್ನು ಒಲೆಯಿಂದ ಇಳಿಸುವಾಗ ಅದರ ಅಂಚು ಬಲ ಹೆಬ್ಬೆರಳಿಗೆ ತಾಗಿತು. ಚುರ್ ಎಂದಿತು. ಕೈ ತಾನಾಗಿಯೇ ಹಿಂದೆ ಬಂತು. ಡಬ್ಬಿ ನೆಲಕ್ಕೆ ಬಿದ್ದು, ಅಂಟೆಲ್ಲ ಚೆಲ್ಲಿ, ಒರೆಸಲು ಅರ್ಧ ದಿನ ಬೇಕಾಯಿತು. ಆಗ ಅದು ಗಮನಕ್ಕೇ ಬರಲಿಲ್ಲ. ಬೆರಳನ್ನು ಹಿಡಿದುಕೊಂಡು ನಿಂತೆ. ಉರಿ. ನಿಜವಾದ, ಜೀವ ಹೋಗುವ ಉರಿ.

ನಿಲ್ದಾಣಕ್ಕೆ ಫೋನ್ ಮಾಡಿದೆ.

"ಅತ್ತೆ? ಏನಾಯ್ತು?"

"ಉರೀತಾ ಇದೆ!"

"ಅಯ್ಯೋ, ಅಂಗಡೀನಾ? ಆಚೆ ಬಂದ್ಬಿಡಿ, ಏನೂ ತಗೋಬೇಡಿ, ನಾನು ಫೈರ್ ಎಂಜಿನ್‌ಗೆ..."

"ಅಂಗಡಿ ಅಲ್ಲವೋ ಪೆದ್ದ! ಬೆರಳು! ಹೆಬ್ಬೆರಳು ಉರೀತಾ ಇದೆ!"

ಆ ಕಡೆ ಮೂಗು ಎಳೆದದ್ದು ಕೇಳಿತು.

"ಅಳಬೇಡ, ಡ್ಯೂಟಿ ಮೇಲಿದೀಯ" ಎಂದೆ. "ಗಂಟಲು ಕಟ್ಟಿದ್ರೆ ಗಾಡಿ ಯಾರು ಹೇಳ್ತಾರೆ?" ಫೋನ್ ಇಟ್ಟೆ. ನನ್ನ ಕಣ್ಣಿಗೂ ಅಂಟಿನ ಹೊಗೆ ಹೋಗಿತ್ತು.

ಬೊಬ್ಬೆ ಎದ್ದಿದೆ. ಔಷಧಿ ಹಚ್ಚಿಲ್ಲ. ಸ್ವಲ್ಪ ಹೊತ್ತು ಉರಿಯಲಿ.

ಮಧ್ಯಾಹ್ನ ಮಗಳ ಫೋನು. ಗಂಡನಿಂದ ವಿಷಯ ಕೇಳಿ ಸಂತೋಷ ಪಡುವುದು ಬಿಟ್ಟು ಧ್ವನಿ ಗಟ್ಟಿ ಮಾಡಿಕೊಂಡಿದ್ದಾಳೆ. "ಅಮ್ಮ, ನಾನು ನಿನ್ನ ಹೊಟ್ಟೇಲಿ ಹುಟ್ಟಿದೋಳು. ನನಗೆ ಮೊದಲು ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

ಕೈಗೆ ಸಿಕ್ಕ ನಂಬರಿಗೆ ಮಾಡಿದೆ. ಅದರಲ್ಲಿ ಮೊದಲೇನು, ಎರಡನೆಯದೇನು? ಸಮಾಧಾನ ಹೇಳಿದರೆ ಇನ್ನೂ ಮುನಿಸು. ಚಿಕ್ಕ ಚಿಕ್ಕದಕ್ಕೆಲ್ಲ ಇವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಯಾರನ್ನು ಹೋಲಿದಳೋ ಏನೋ.